ಅನಿಲದ ಒತ್ತಡ ಸಮವಾಗಿದ್ದರೂ ಇಂಧನ ಕೋಶದ ಪೊರೆ ಬಿರುಕು ಬಿಡುವುದೇಕೆ?

ಎರಡೂ ಬದಿಯ ಅನಿಲದ ಒತ್ತಡವನ್ನು ಸಮವಾಗಿಟ್ಟಿದ್ದರೂ ಮೂರೇ ತಿಂಗಳಲ್ಲಿ ಪೊರೆಯ ಮೂಲಕ ಹೈಡ್ರೋಜನ್ ಸೋರತೊಡಗಿದೆ, ಬೋಲ್ಟ್ ಬಿಗಿಗೊಳಿಸಬೇಕೇ ಅಥವಾ ದಪ್ಪ ಪೊರೆ ಹಾಕಬೇಕೇ ಎಂದು ಕೇಳಿದ್ದೀರಿ. ಇಂಧನ ಕೋಶವೆಂದರೆ ಹೈಡ್ರೋಜನ್ ಮತ್ತು ಗಾಳಿಯ ಆಮ್ಲಜನಕದಿಂದ ವಿದ್ಯುತ್ತು, ನೀರು ಹುಟ್ಟಿಸುವ ಸಾಧನ; ನಡುವಿನ ತೆಳು ಪೊರೆ ಎರಡೂ ಅನಿಲಗಳನ್ನು ಬೇರೆಯಾಗಿಟ್ಟು ಪ್ರೋಟಾನುಗಳನ್ನು ಹಾಯಿಸುತ್ತದೆ. ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಇಂಥ ಕೋಶಗಳನ್ನು ಜೋಡಿಸಿ ಬಿಚ್ಚುವುದೇ ನನ್ನ ಕೆಲಸ. ದಯವಿಟ್ಟು ಬೋಲ್ಟ್‌ಗಳನ್ನು ಮುಟ್ಟಬೇಡಿ. ಪೊರೆ ಎಷ್ಟು ಸಲ ನೆನೆದು ಒಣಗಿತು ಎಂಬುದನ್ನು ಮೊದಲು ಲೆಕ್ಕ ಹಾಕಿ.

ಇಂಥ ಕೋಶಗಳಲ್ಲಿ ಬಳಸುವ ನಾಫಿಯಾನ್ ಎಂಬ ಪ್ಲಾಸ್ಟಿಕ್ ಪೊರೆಯ ಒಣ ತುಂಡೊಂದನ್ನು ಒದ್ದೆ ಅಂಗೈಯ ಮೇಲಿಟ್ಟರೆ ಅದು ತಾನಾಗಿಯೇ ಅಂಚೆತ್ತಿ ಸುರುಳಿಯಾಗುತ್ತದೆ, ಏಕೆಂದರೆ ಕೆಳಮೈ ನೀರು ಹೀರಿ ಹಿಗ್ಗಿರುತ್ತದೆ, ಮೇಲ್ಮೈ ಇನ್ನೂ ಹಿಗ್ಗಿರುವುದಿಲ್ಲ. ಪೂರ್ತಿ ನೀರಿನಲ್ಲಿ ನೆನೆದರೆ ಉದ್ದಗಲದಲ್ಲಿ ಸುಮಾರು ಶೇ. 10ರಷ್ಟು ಬೆಳೆಯುತ್ತದೆ. ಕೋಶದೊಳಗೆ ಗ್ಯಾಸ್ಕೆಟ್ ಅಂಚನ್ನು ಹಿಡಿದಿರುವುದರಿಂದ ಹಿಗ್ಗಲು ಜಾಗವಿಲ್ಲದೆ, ಬಿಸಿಗೆ ಮೆತ್ತಗಾದ ಪೊರೆ ಒಳಗೊಳಗೇ ಅದುಮಿಕೊಂಡು ಶಾಶ್ವತವಾಗಿ ಆಕಾರ ಬದಲಿಸುತ್ತದೆ. ಒಣಗಿದಾಗ ಅದು ಕುಗ್ಗಬೇಕು, ಆದರೆ ಅಂಚು ಬಿಟ್ಟುಕೊಡುವುದಿಲ್ಲ. ಆಗ ಎಲ್ಲ ದಿಕ್ಕಿಗೂ ಎಳೆತ ಹುಟ್ಟುತ್ತದೆ. ನವಲಗುಂದ, ಗದಗ ಕಡೆಯ ಎರೆಹೊಲ ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳಲ್ಲಿ, ಪ್ರತಿ ಸಂಜೆ ಕೋಶವನ್ನು ನಿಲ್ಲಿಸುವಾಗ ನಾನು ಒಣ ನೈಟ್ರೋಜನ್ ಹಾಯಿಸುತ್ತಿದ್ದೆ, ಅದೇ ಸುರಕ್ಷಿತ ಎಂದು ನಂಬಿದ್ದೆ. ಸೋರಿಕೆ ಶುರುವಾದ ಮೇಲೆ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದಾಗ ಪೊರೆಯ ನಡುಭಾಗ ಚೆನ್ನಾಗಿಯೇ ಇತ್ತು. ಅನಿಲ ಒಳಬರುವ ಮೂಲೆಯಲ್ಲಿ, ಗ್ಯಾಸ್ಕೆಟ್ಟಿನ ಒಳಅಂಚಿಗೆ ಹೊಂದಿಕೊಂಡು, ಕೂದಲೆಳೆಯಂಥ ಬಿರುಕು ಕಂಡಿತು. ಒಣ ಅನಿಲ ಮೊದಲು ತಾಗುವ ಜಾಗವೂ ಅದೇ, ಹಿಡಿತ ಹೆಚ್ಚಿರುವ ಜಾಗವೂ ಅದೇ. ಬೋಲ್ಟ್ ಬಿಗಿಗೊಳಿಸಿದರೆ ಆ ಅಂಚಿನ ಮೇಲೆಯೇ ಭಾರ ಬೀಳುತ್ತದೆ, ಅನಿಲ ಹರಡಲು ಪೊರೆಯ ಎರಡೂ ಬದಿಗೆ ಇಟ್ಟಿರುವ ಕಾರ್ಬನ್ ಕಾಗದದ (ಇಂಗಾಲದ ನಾರಿನ ಹಾಳೆಯ) ಎಳೆಗಳೂ ಪೊರೆಗೆ ಚುಚ್ಚಿಕೊಳ್ಳುತ್ತವೆ.

ದಪ್ಪ ಪೊರೆಯೂ ಅಷ್ಟೇ ಪ್ರಮಾಣದಲ್ಲಿ ಹಿಗ್ಗುತ್ತದೆ, ಜೊತೆಗೆ ಪ್ರೋಟಾನಿನ ಹಾದಿಗೆ ಅಡ್ಡಿಯೂ ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ, ನಡುವೆ ಹಿಗ್ಗಿಸಿದ ಟೆಫ್ಲಾನ್ ಜಾಲವಿರುವ ತೆಳು ಪೊರೆಯೇ ಮೇಲು, ಏಕೆಂದರೆ ಆ ಜಾಲ ಉದ್ದಗಲದ ಹಿಗ್ಗುವಿಕೆಯನ್ನೇ ತಡೆಯುತ್ತದೆ. ಅಮೆರಿಕದ ಇಂಧನ ಇಲಾಖೆಯ ಬಾಳಿಕೆ ಪರೀಕ್ಷೆಯಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ನಿಮಿಷ ಒಣ ಗಾಳಿ, ಎರಡು ನಿಮಿಷ ತೇವದ ಗಾಳಿ ಹಾಯಿಸುತ್ತಾರೆ. ಹೀಗೆ 20,000 ಸುತ್ತು ತಾಳಬೇಕೆಂಬುದು ಗುರಿ. ಅಲ್ಲಿ ವಿದ್ಯುತ್ತನ್ನೇ ಉತ್ಪಾದಿಸುವುದಿಲ್ಲ, ಆದರೂ ಪೊರೆಗಳು ಸೋಲುತ್ತವೆ. ತುಕ್ಕಿನಿಂದ ಕಬ್ಬಿಣದ ಅಯಾನುಗಳು ಸೇರಿದರೆ ಕೋಶದೊಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಒಡೆದು ಪೊರೆಯನ್ನು ರಾಸಾಯನಿಕವಾಗಿಯೂ ಸವೆಸುತ್ತದೆ, ಆದ್ದರಿಂದ ತುಕ್ಕು ಹಿಡಿಯುವ ಫಿಟ್ಟಿಂಗ್‌ಗಳನ್ನು ಬದಲಿಸಿ.

ಈಗಿನ ಪೊರೆಯನ್ನು ಬದಲಿಸಲೇಬೇಕು. ಹೊಸದರ ಅಂಚಿಗೆ ತೆಳು ಪ್ಲಾಸ್ಟಿಕ್ ಚೌಕಟ್ಟು ಕೊಡಿ, ನಿಲ್ಲಿಸುವಾಗ ತೇವಗೊಳಿಸಿದ ನೈಟ್ರೋಜನ್ ಹಾಯಿಸಿ ಎರಡೂ ಕಡೆಯ ವಾಲ್ವ್ ಮುಚ್ಚಿ. ವಾರಕ್ಕೊಮ್ಮೆ ಒಂದು ಬದಿಗೆ ಸ್ವಲ್ಪ ಒತ್ತಡದ ನೈಟ್ರೋಜನ್ ಕೊಟ್ಟು, ಇನ್ನೊಂದು ಬದಿಯ ಕೊಳವೆಯನ್ನು ನೀರಿನ ಲೋಟದಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ನೋಡಿ.