ಹಣಕಾಸು ಪ್ರಶ್ನೋತ್ತರ: ಮಗಳ ಕಾಲೇಜಿಗೆ ಸುಕನ್ಯಾ ಒಂದೇ ಸಾಕೇ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಅವಳ ಕಾಲೇಜಿಗೆಂದು ತಿಂಗಳಿಗೆ 8,000 ರೂ. ತೆಗೆದಿಡಬಲ್ಲೆ. ಸದ್ಯ ಪಿಗ್ಮಿಗೆ ಕಟ್ಟುತ್ತಿದ್ದೇನೆ. ಎಲ್ಲವನ್ನೂ ಸುಕನ್ಯಾ ಸಮೃದ್ಧಿಗೆ ಹಾಕಲೇ? ಮ್ಯೂಚುವಲ್ ಫಂಡ್ ಮಾಡಿದರೆ ಅವಳ ಹೆಸರಲ್ಲೇ ಇರಬೇಕೇ?
– ಓದುಗರು, ಬ್ರಹ್ಮಾವರ

ಉತ್ತರ: 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರುಮಾಡಿದ್ದು ನಿಮ್ಮ ಉಡುಪಿಯಲ್ಲೇ, ಅಭಿಮಾನ ಸಹಜ. ಆದರೆ ದಿನದ ಚಿಲ್ಲರೆ ಒಟ್ಟುಮಾಡಲು ಅದು ಸರಿ, 14 ವರ್ಷದ ಗುರಿಗೆ ಅದರ ಬಡ್ಡಿ ಸಾಲದು.

ಸುಕನ್ಯಾ ಖಾತೆ ತೆರೆಯಿರಿ, ಅರ್ಧ ಹಣಕ್ಕೆ ಮಾತ್ರ. ಮಗಳಿಗೆ 21 ತುಂಬಿದಾಗ ಖಾತೆ ಮುಗಿಯುತ್ತದೆಂದು ತುಂಬ ಜನ ಎಣಿಸಿದ್ದಾರೆ. ಹಾಗಲ್ಲ, ತೆರೆದ ದಿನದಿಂದ 21 ವರ್ಷ. ಆಗ ನಿಮ್ಮ ಮಗಳಿಗೆ 25, ಡಿಗ್ರಿ ಮುಗಿದಿರುತ್ತದೆ! ಅವಳಿಗೆ 18 ತುಂಬಿದ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿಗೆಂದು ತೆಗೆಯಬಹುದಾದದ್ದು ಹಿಂದಿನ ಮಾರ್ಚ್ 31ರ ಶಿಲ್ಕಿನ ಅರ್ಧದವರೆಗೆ, ಅದೂ ಕಾಲೇಜು ಕೊಟ್ಟ ಫೀಸಿನ ಚೀಟಿಯಲ್ಲಿ ಇರುವಷ್ಟೇ. ತಿಂಗಳಿಗೆ 4,000 ಕಟ್ಟಿ, ಬಡ್ಡಿ 8.2% ಆಗಿಯೇ ಉಳಿದರೆ 14 ವರ್ಷಕ್ಕೆ ಸುಮಾರು 12 ಲಕ್ಷ ಆಗುತ್ತದೆ. ಸೀಟು ಸಿಕ್ಕಾಗ ಕೈಗೆ ಬರುವುದು ಆರು ಲಕ್ಷದ ಆಸುಪಾಸು. ಕಂತು ತಿಂಗಳ 5ರೊಳಗೆ ಜಮೆಯಾಗಲಿ. 6ಕ್ಕೆ ಕಟ್ಟಿದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಇಲ್ಲ.

ಉಳಿದ 4,000ಕ್ಕೆ ನಿಫ್ಟಿ 50 ಇಂಡೆಕ್ಸ್ ಫಂಡಿನ (ನಿಫ್ಟಿ ಸೂಚ್ಯಂಕದ 50 ದೊಡ್ಡ ಕಂಪನಿಗಳ ಷೇರುಗಳಲ್ಲಿ ಹಣ ಹಾಕುವ ಮ್ಯೂಚುವಲ್ ಫಂಡ್) ಡೈರೆಕ್ಟ್ ಪ್ಲಾನಿನಲ್ಲಿ, ಅಂದರೆ ಏಜೆಂಟರ ಕಮಿಷನ್ ಇಲ್ಲದ್ದರಲ್ಲಿ, ಎಸ್‌ಐಪಿ (ತಿಂಗಳ ಕಂತು) ಮಾಡಿ. ಹೆಸರು ನಿಮ್ಮದೇ ಇರಲಿ, ಮಗಳು ನಾಮಿನಿ. ಅವಳ ಹೆಸರಲ್ಲಿ ಮಾಡಿದರೆ 18 ತುಂಬಿದ ದಿನ ಎಸ್‌ಐಪಿ ನಿಲ್ಲುತ್ತದೆ. ಪ್ಯಾನ್, ಕೆವೈಸಿ, ಬ್ಯಾಂಕ್ ಖಾತೆ ಎಲ್ಲ ಅವಳದಾಗಿ ಬದಲಾಗುವವರೆಗೆ ಹಣ ತೆಗೆಯಲೂ ಆಗದು. ಕೌನ್ಸೆಲಿಂಗ್ ಗಡಿಬಿಡಿಯ ಹೊತ್ತಿಗೇ ಸರಿಯಾಗಿ ಈ ತಾಪತ್ರಯ. ತೆರಿಗೆಯಲ್ಲೂ ಲಾಭವಿಲ್ಲ, ಅಪ್ರಾಪ್ತರ ಇಂಥ ಆದಾಯ ಹೇಗೂ ಹೆತ್ತವರ ಲೆಕ್ಕಕ್ಕೇ ಸೇರುತ್ತದೆ.

ಮಗಳು ಎಂಟನೇ ತರಗತಿ ದಾಟಿದ ಮೇಲೆ ಫಂಡಿನ ಹಣವನ್ನು ವರ್ಷಕ್ಕಿಷ್ಟು ಎಫ್‌ಡಿಗೆ ಇಳಿಸುತ್ತಾ ಬನ್ನಿ. 2020ರ ಮಾರ್ಚ್‌ನಲ್ಲಿ ನಿಫ್ಟಿ ಎರಡೇ ತಿಂಗಳೊಳಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದಿತ್ತು. ಮಾರುಕಟ್ಟೆ ಏಳುವ ತನಕ ಕಾಲೇಜು ಕಾಯುವುದಿಲ್ಲ. ಕಂತಿನಲ್ಲಿ ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ (ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದ್ದರ ಲಾಭ) ತೆರಿಗೆ ಇಲ್ಲದ ಅನುಕೂಲ ಪ್ರತಿ ವರ್ಷವೂ ಸಿಗುತ್ತದೆ. ಒಂದೇ ಸಲ ಮಾರಿದರೆ ಅದಕ್ಕಿಂತ ಮೇಲಿನ ಲಾಭಕ್ಕೆಲ್ಲ 12.5%.

ಪ್ರಶ್ನೆ: ಮಗನಿಗೆ ಎರಡು ವರ್ಷ, ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಗಂಡುಮಕ್ಕಳಿಗೆ ಸುಕನ್ಯಾದಂಥದ್ದು ಇದೆಯೇ?
– ಓದುಗರು, ಸುರತ್ಕಲ್

ಉತ್ತರ: ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ ಎಂಬ ಸರ್ಕಾರಿ ಉಳಿತಾಯ ಖಾತೆ) ಇದೆ. ಎನ್‌ಆರ್‌ಐ ಆದ ಯಜಮಾನರು ಹೊಸ ಖಾತೆ ತೆರೆಯುವಂತಿಲ್ಲ. ಇಲ್ಲೇ ಇರುವ ನೀವು ಮಗನ ಪಾಲಕರಾಗಿ ತೆರೆಯಬಹುದು. ಅವಧಿ, ತೆರೆದ ಆರ್ಥಿಕ ವರ್ಷದ ಕೊನೆಯಿಂದ 15 ವರ್ಷ. ಈಗಲೇ ತೆರೆದರೆ ಪಿಯುಸಿ ಮುಗಿಯುವ ಹೊತ್ತಿಗೆ ಪೂರ್ತಿ ಹಣ ಸಿಗುವ ಹಾಗಿದೆ. ಇನ್ನೆರಡು ವರ್ಷ ತಡಮಾಡಿದರೆ ಆ ಲೆಕ್ಕ ತಪ್ಪುತ್ತದೆ. ನಿಮ್ಮದೂ ಪಿಪಿಎಫ್ ಇದ್ದರೆ ಎರಡೂ ಖಾತೆ ಸೇರಿ ವರ್ಷಕ್ಕೆ 1.5 ಲಕ್ಷವೇ ಮಿತಿ. ಹೆಚ್ಚಿಗೆ ಕಟ್ಟಿದ್ದಕ್ಕೆ ಬಡ್ಡಿ ಬರುವುದಿಲ್ಲ.