16 ಬೈಟ್ ಉಳಿಸಿದೆ, ಮೆಮೊರಿ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ಶಿರಸಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. 64 ಎಂಬಿ ರ‍್ಯಾಮ್ ಇರುವ ರೌಟರ್‌ಗೆ ಲಿನಕ್ಸ್ ಕರ್ನಲ್ ಮಾಡ್ಯೂಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಸೇರುವ ಕೋಡ್) ಬರೆದಿದ್ದೇನೆ. ಒಂದೊಂದು ಕನೆಕ್ಷನ್‌ಗೂ ಒಂದು ಸ್ಟ್ರಕ್ಚರ್ (ಹಲವು ಫೀಲ್ಡ್‌ಗಳ ಒಂದು ದಾಖಲೆ). ಫೀಲ್ಡ್‌ಗಳ ನಡುವೆ ಉಳಿಯುವ ಖಾಲಿ ಜಾಗ ತೋರಿಸುವ ಪಹೋಲ್ ಟೂಲ್ ಓಡಿಸಿ, ಫೀಲ್ಡ್‌ಗಳನ್ನು ಹಿಂದೆ ಮುಂದೆ ಮಾಡಿ, 120 ಬೈಟ್‌ನಿಂದ 104ಕ್ಕೆ ಇಳಿಸಿದೆ. 10,000 ಕನೆಕ್ಷನ್ ಹಾಕಿ ನೋಡಿದರೂ ಮೆಮೊರಿ ಒಂಚೂರೂ ಇಳಿದಿಲ್ಲ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಮಾಡಿದ ಕೆಲಸ ಸರಿಯಾಗಿಯೇ ಇದೆ. ಮೆಮೊರಿಯನ್ನು ಕರ್ನಲ್‌ನಲ್ಲಿ ಮೆಮೊರಿ ಕೊಡುವ ಫಂಕ್ಷನ್ ಆದ ಕೆಮ್ಯಾಲಕ್‌ನಿಂದ ಕೇಳುತ್ತಿದ್ದೀರಿ, ಅಲ್ವಾ? ಅದು ಕೇಳಿದಷ್ಟನ್ನೇ ಅಳೆದು ಕೊಡುವುದಿಲ್ಲ. 64, 128, 256 ಎಂದು ಮೊದಲೇ ಗೊತ್ತು ಮಾಡಿಟ್ಟ ಅಳತೆಗಳಿವೆ, ನಿಮ್ಮದು ಯಾವುದರಲ್ಲಿ ಹಿಡಿಸುತ್ತದೋ ಅದನ್ನು ಇಡಿಯಾಗಿ ಕೊಡುತ್ತದೆ. 120 ಕೇಳಿದರೂ 128, 104 ಕೇಳಿದರೂ 128. ಕಾರವಾರದ ಬೈತಖೋಲ ಬಂದರಿನಲ್ಲಿ ನೋಡಿರುತ್ತೀರಿ, ಕ್ರೇಟಿನಲ್ಲಿ ಬಂಗುಡೆ ಮುಕ್ಕಾಲೇ ಇದ್ದರೂ ಲಾರಿಯಲ್ಲಿ ಅದು ಹಿಡಿಯುವುದು ಒಂದು ಕ್ರೇಟಿನ ಜಾಗವನ್ನೇ.

ಹಾಗಾಗಿ ನಿಮ್ಮ ಸ್ಟ್ರಕ್ಚರ್‌ಗೇ ಅಂತ ಬೇರೆ ಸ್ಲ್ಯಾಬ್ ಕ್ಯಾಶ್ (ಒಂದೇ ಅಳತೆಯ ತುಂಡುಗಳ ಮೆಮೊರಿ ಸಂಗ್ರಹ) ಮಾಡಿಕೊಳ್ಳಿ. 4096 ಬೈಟ್‌ನ ಒಂದು ಪೇಜಿನಲ್ಲಿ 128ರ ಲೆಕ್ಕಕ್ಕೆ 32 ಕೂರುತ್ತಿದ್ದವು, 104ರ ಲೆಕ್ಕಕ್ಕೆ 39 ಕೂರುತ್ತವೆ. 10,000 ಕನೆಕ್ಷನ್‌ಗೆ 313 ಪೇಜ್ ಬೇಕಾಗುತ್ತಿದ್ದದ್ದು 257ಕ್ಕೆ ಬರುತ್ತದೆ, ಅಂದರೆ 224 ಕೆಬಿ ಉಳಿತಾಯ, 64 ಎಂಬಿ ರೌಟರ್‌ನಲ್ಲಿ ಇದು ಸಣ್ಣದಲ್ಲ. ಆದರೆ ಕ್ಯಾಶ್ ಮಾಡುವಾಗ ಹಾರ್ಡ್‌ವೇರ್ ಕ್ಯಾಶ್ ಅಲೈನ್ ಫ್ಲ್ಯಾಗ್ ಅನ್ನು ಸುಮ್ನೆ ಹಾಕಬೇಡಿ. ಅದು ಪ್ರತಿ ತುಂಡನ್ನೂ ಕ್ಯಾಶ್ ಲೈನ್ (ಪ್ರೊಸೆಸರ್ ಒಮ್ಮೆಗೆ ತರುವ ಮೆಮೊರಿ ತುಂಡು) ಗಡಿಗೆ ಹೊಂದಿಸುತ್ತದೆ. ಆ ಲೈನ್ 32 ಬೈಟ್ ಇರಲಿ, 64 ಇರಲಿ, 104 ಮತ್ತೆ 128 ಆಗಿಬಿಡುತ್ತದೆ. ಫಲಿತಾಂಶವನ್ನು, ಸ್ಲ್ಯಾಬ್ ಕ್ಯಾಶ್‌ಗಳ ಲೆಕ್ಕ ತೋರಿಸುವ ರೌಟರ್‌ನ ಸ್ಲ್ಯಾಬ್‌ಇನ್ಫೋ ಫೈಲಿನಲ್ಲೇ ನೋಡಿ.

ಇನ್ನೊಂದು ಮಾತು. ಪಹೋಲ್ ಓಡಿಸಿದ್ದು ಲ್ಯಾಪ್‌ಟಾಪ್‌ಗೆ ಕಂಪೈಲ್ ಮಾಡಿದ ಫೈಲಿನ ಮೇಲಾ? ಅಲ್ಲಿ ಪಾಯಿಂಟರ್ (ಮೆಮೊರಿ ವಿಳಾಸ ಹಿಡಿಯುವ ಫೀಲ್ಡ್) 8 ಬೈಟ್, 32 ಬಿಟ್ ರೌಟರ್‌ನಲ್ಲಿ 4. ಖಾಲಿ ಜಾಗಗಳ ಲೆಕ್ಕವೇ ಬದಲಾಗುತ್ತದೆ. ರೌಟರ್‌ಗೆ ಕಂಪೈಲ್ ಮಾಡಿದ್ದನ್ನೇ ಪಹೋಲ್‌ಗೆ ಕೊಡಿ.

ನನ್ನನ್ನು ಕೇಳಿದರೆ, ಇದಕ್ಕಿಂತ ಜಾಸ್ತಿ ಉಳಿತಾಯ ಇರುವುದು ಮುಗಿದ ಕನೆಕ್ಷನ್‌ಗಳಲ್ಲಿ. ಲಿನಕ್ಸ್‌ನ ಟಿಸಿಪಿ (ನೆಟ್‌ವರ್ಕ್ ಕನೆಕ್ಷನ್ ನೋಡಿಕೊಳ್ಳುವ ಭಾಗ), ಮುಚ್ಚಿದ ಕನೆಕ್ಷನ್ ಅನ್ನು ಕಾಯುವ ಸ್ಥಿತಿಯಾದ ಟೈಮ್‌ವೇಟ್‌ನಲ್ಲಿ 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ, ಆದರೆ ಅಷ್ಟಕ್ಕೆ ಇಡೀ ಸಾಕೆಟ್ (ಕನೆಕ್ಷನ್‌ನ ಪೂರ್ತಿ ದಾಖಲೆ) ಅನ್ನು ಇಟ್ಟುಕೊಂಡು ಕೂರುವುದಿಲ್ಲ. ವಿಳಾಸ, ಪೋರ್ಟ್, ಟೈಮರ್‌ನಂಥ ಬೇಕಾದ ಕೆಲವನ್ನು ಒಂದು ಪುಟ್ಟ ಸ್ಟ್ರಕ್ಚರ್‌ಗೆ ಹಾಕಿಕೊಂಡು ದೊಡ್ಡದನ್ನು ಬಿಟ್ಟುಬಿಡುತ್ತದೆ. ನಿಮ್ಮ ಮಾಡ್ಯೂಲ್‌ನಲ್ಲೂ ಇದಕ್ಕೆ ದಾರಿ ಇದೆಯಾ ನೋಡಿ.

ಬೈಟ್ ಉಳಿಸಲು ಫ್ಲ್ಯಾಗ್‌ಗಳನ್ನು ಬಿಟ್‌ಫೀಲ್ಡ್ (ಹೌದು-ಇಲ್ಲ ಗುರುತು ಒಂದೊಂದಕ್ಕೂ ಒಂದೇ ಬಿಟ್) ಮಾಡುವುದಾದರೆ ಮಾತ್ರ ಜೋಪಾನ. ಅಕ್ಕಪಕ್ಕದ ಬಿಟ್‌ಗಳು ಒಂದೇ ವರ್ಡ್‌ನಲ್ಲಿರುತ್ತವೆ. ಒಂದು ಬಿಟ್ ಬದಲಿಸಲು ಇಡೀ ವರ್ಡ್ ಅನ್ನೇ ಓದಿ ಮತ್ತೆ ಬರೆಯಬೇಕಾಗುತ್ತದೆ. ಎರಡು ಬೇರೆ ಬೇರೆ ಲಾಕ್ (ಒಮ್ಮೆಗೆ ಒಬ್ಬರೇ ಬರೆಯುವಂತೆ ಕಾಯುವ ಬೀಗ) ಹಿಡಿದು ಅವನ್ನು ಬರೆದರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಬಿಡಬಹುದು. ಒಂದೇ ಲಾಕ್‌ನ ಕೆಳಗೆ ಬರುವ ಫ್ಲ್ಯಾಗ್‌ಗಳನ್ನಷ್ಟೇ ಒಟ್ಟಿಗೆ ಇಡಿ.