ಮಳೆಗಾಲ ಮುಗಿದ ಮೇಲೂ ಬಂಗಾಳಕೊಲ್ಲಿ ಯಾಕೆ ತಣ್ಣಗಾಗಲ್ಲ?

ನಾಲ್ಕು ತಿಂಗಳು ಮಳೆ ಸುರಿದು, ಗಂಗೆ-ಬ್ರಹ್ಮಪುತ್ರೆಯ ನೆರೆಯೆಲ್ಲ ಬಂದು ಸೇರಿದ ಮೇಲೆ ಬಂಗಾಳಕೊಲ್ಲಿ ತಣ್ಣಗಾಗಬೇಕಿತ್ತಲ್ಲ, ನವೆಂಬರ್‌ನಲ್ಲಿ ವಾಯುಭಾರ ಕುಸಿತಕ್ಕೆ ಬೇಕಾದ ಶಾಖ ಎಲ್ಲಿಂದ ಬರುತ್ತೆ ಅಂತ ಕೇಳಿದ್ದೀರಿ. ನಾನು ಕೋಲಾರದ ಕಡೆಯವನು, ರಾಗಿ ಬೆಳೀತೀನಿ. ಸರಿಯಾಗಿ ಕೊಯ್ಲಿನ ಹೊತ್ತಿಗೇ ಅದು ಬಂದು ವಕ್ಕರಿಸೋದರಿಂದ ಈ ವಿಷಯ ಸ್ವಲ್ಪ ಹಟ ಹಿಡಿದು ಓದಿದೀನಿ.

ತಮಾಷೆ ಏನಂದ್ರೆ, ಕೊಲ್ಲಿಯನ್ನ ಬೆಚ್ಚಗಿಡೋದೇ ಆ ಹೊಳೆ ನೀರು. ಒಂದು ಲೋಟದಲ್ಲಿ ಅರ್ಧದವರೆಗೆ ಗಟ್ಟಿ ಉಪ್ಪುನೀರು ಹಾಕಿ, ಮೇಲೆ ಚಮಚದ ಬೆನ್ನಿನ ಮೇಲಿಂದ ನಿಧಾನಕ್ಕೆ ಸಿಹಿನೀರು ಬಿಡಿ. ಹಸಿ ಮೊಟ್ಟೆ ಇಳಿಸಿದರೆ ಅದು ನಡುವೆಯೇ ನಿಲ್ಲುತ್ತೆ. ನಮ್ಮ ಮಗಳಿಗೆ ತೋರಿಸೋಕೆ ಹೋಗಿ ಎರಡು ಮೊಟ್ಟೆ ಒಡೆದದ್ದು ಬೇರೆ ಮಾತು.

ಕೊಲ್ಲಿಯಲ್ಲೂ ಅಷ್ಟೇ. ಸಾಮಾನ್ಯ ಸಮುದ್ರದ ಒಂದು ಕಿಲೋ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಮಳೆಗಾಲ ಮುಗಿಯೋ ಹೊತ್ತಿಗೆ ಉತ್ತರ ಕೊಲ್ಲಿಯ ಮೇಲ್ಪದರದಲ್ಲಿ ಅದು 30ಕ್ಕಿಂತ ಕೆಳಗಿಳಿಯುತ್ತೆ. ಆ ಹಗುರ ನೀರು ಉಪ್ಪುನೀರಿನ ಮೇಲೆ ಮುಚ್ಚಳದ ಹಾಗೆ ಕೂತುಬಿಡುತ್ತೆ. ಗಾಳಿ ಎಷ್ಟು ಬೀಸಿದರೂ ಆಳದ ತಣ್ಣೀರನ್ನ ಕಲಕಿ ಮೇಲೆ ತರೋದು ಕಷ್ಟ. ಚಳಿಗಾಲದಲ್ಲಂತೂ ಕೆಲವು ಕಡೆ ಮೇಲಿನ ನೀರಿಗಿಂತ ಅದರ ಕೆಳಗಿನದೇ ಬೆಚ್ಚಗಿರುತ್ತೆ. ಮಳೆಗಾಲ ಕಳೆದ ಮೇಲೆ ಈ ನೀರು ಒಡಿಶಾ, ಆಂಧ್ರದ ಕರಾವಳಿ ಹಿಡಿದು ದಕ್ಷಿಣಕ್ಕೂ ಇಳಿಯುತ್ತೆ.

ಅರಬ್ಬೀ ಸಮುದ್ರಕ್ಕೆ ಈ ಮುಚ್ಚಳ ಇಲ್ಲ. ಅಲ್ಲಿ ದೊಡ್ಡ ನದಿಗಳು ಕಡಿಮೆ, ಆವಿಯಾಗೋದೇ ಜಾಸ್ತಿ. ಮೇನಲ್ಲಿ 30 ಡಿಗ್ರಿ ಮುಟ್ಟೋ ನೀರು, ಮುಂಗಾರು ಗಾಳಿ ಕಲಕಿದ ಮೇಲೆ, ಸೊಮಾಲಿಯಾ ತೀರದಲ್ಲಿ ಆಳದ ತಣ್ಣೀರು ಮೇಲೆದ್ದ ಮೇಲೆ, ಆಗಸ್ಟ್‌ಗೆ ಚೆನ್ನಾಗಿ ತಣಿಯುತ್ತೆ.

ಇದೆಲ್ಲ ಗೊತ್ತಾಗೋದು ಹೆಚ್ಚಾಗಿ ಆರ್ಗೋ ಅನ್ನೋ ತೇಲುಯಂತ್ರಗಳಿಂದ. 2000 ಮೀಟರ್ ಆಳಕ್ಕೆ ಮುಳುಗಿ, ಮೇಲೆ ಬರ್ತಾ ಶಾಖ, ಉಪ್ಪು ಅಳೆದು, ಸುಮಾರು 10 ದಿನಕ್ಕೊಮ್ಮೆ ಉಪಗ್ರಹಕ್ಕೆ ಲೆಕ್ಕ ಒಪ್ಪಿಸುತ್ತವೆ. ನಮ್ಮ ದೇಶದಲ್ಲಿ ಈ ಕೆಲಸ ನೋಡಿಕೊಳ್ಳೋದು ಹೈದರಾಬಾದಿನ ಇನ್‌ಕಾಯ್ಸ್, ಅಂದ್ರೆ ಸಮುದ್ರದ ಮಾಹಿತಿ ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ.

ಬರೀ ಶಾಖ ಇದ್ದರೆ ಸಾಲದು ಅನ್ನೋದೂ ನಿಜ. ಆಗಸ್ಟ್‌ನಲ್ಲೂ ಕೊಲ್ಲಿ ಬೆಚ್ಚಗೇ ಇರುತ್ತೆ, ಆದರೆ ಮೇಲಿನ ಗಾಳಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಎಳೆದು ಚಂಡಮಾರುತವನ್ನ ನೆಟ್ಟಗೆ ನಿಲ್ಲೋಕೆ ಬಿಡಲ್ಲ. ಅಕ್ಟೋಬರ್-ನವೆಂಬರ್‌ಗೆ ಆ ಎಳೆದಾಟ ಸಡಿಲಾಗುತ್ತೆ.

2021ರ ನವೆಂಬರ್‌ನ ಇಂಥ ಮಳೆಗೆ, ಕೊಯ್ದು ಹೊಲದಲ್ಲೇ ಅರಿ ಹಾಕಿದ್ದ ನಮ್ಮ ರಾಗಿ ತೆನೆಯಲ್ಲೇ ಮೊಳಕೆ ಬಂತು. ಕೆರೆಗಳು ಕೋಡಿ ಬಿದ್ದವು. ಎಷ್ಟೋ ವರ್ಷ ಬರೀ ಮರಳಾಗಿದ್ದ ಪಾಲಾರ್‌ನಲ್ಲಿ ನೀರು ಹರಿದು, ಬಂದ ದಾರಿಗೆ ಸುಂಕ ಇಲ್ಲ ಅನ್ನೋ ಹಾಗೆ ಅದೇ ಕೊಲ್ಲಿಗೇ ವಾಪಸ್ ಹೋಯ್ತು.